ಒಂದು ರೈಲು, ಒಂದು ಲೋಟ ಹಾಲು

ನಿವೃತ್ತಿಯ ನಂತರ ಪ್ರಯಾಣಗಳು ಕಡಿಮೆಯಾಗಿ ನೆನಪುಗಳು ಹೆಚ್ಚಾಗುತ್ತವೆ. ನೆನಪಿಸಿಕೊಳ್ಳುವುದು ನಿರಪಾಯಕರವಾದ ಸುಖವೆಂದೇ ನಾನು ತಿಳಿದಿದ್ದೆ. ಈಚೆಗೆ ‘ಟಿಕೆಟ್ಸ್’ ಚಿತ್ರವನ್ನು ಮತ್ತೊಮ್ಮೆ ನೋಡಿದಾಗ ಆ ನಂಬಿಕೆ ಅಲುಗಾಡಿತು.

2005ರಲ್ಲಿ ತೆರೆಕಂಡ ಈ ಚಿತ್ರವನ್ನು ಇಟಲಿಯ ಎರ್ಮಾನ್ನೊ ಓಲ್ಮಿ, ಇರಾನಿನ ಅಬ್ಬಾಸ್ ಕಿಯಾರೊಸ್ತಮಿ ಹಾಗೂ ಬ್ರಿಟನ್ನಿನ ಕೆನ್ ಲೋಚ್ ಕೂಡಿ ನಿರ್ದೇಶಿಸಿದ್ದಾರೆ. ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಓಲ್ಮಿಗೆ 1978ರಲ್ಲಿ, ಕಿಯಾರೊಸ್ತಮಿಗೆ 1997ರಲ್ಲಿ, ಲೋಚ್‌ಗೆ 2006 ಮತ್ತು 2016ರಲ್ಲಿ ಸಂದಿದೆ. ಇಂತಹ ಕಥಾಗುಚ್ಛಗಳಲ್ಲಿ ಸಾಮಾನ್ಯವಾಗಿ ಕಥೆಗಳು ಬಿಡಿಬಿಡಿಯಾಗಿರುತ್ತವೆ. ಇಲ್ಲಿ ಮೂರೂ ರೋಮ್‌ನತ್ತ ಸಾಗುವ ರೈಲಿನಲ್ಲೇ ನಡೆಯುತ್ತವೆ.

ಓಲ್ಮಿಯ ಭಾಗದಲ್ಲಿ ವೃದ್ಧ ಪ್ರಾಧ್ಯಾಪಕನೊಬ್ಬ ಊಟದ ಬೋಗಿಯಲ್ಲಿ ಕುಳಿತು, ತನಗೆ ಟಿಕೆಟ್ ಹೊಂದಿಸಿಕೊಟ್ಟ ಮಹಿಳೆಯನ್ನೂ ಬಾಲ್ಯದಲ್ಲಿ ಕೇಳಿದ ಪಿಯಾನೊ ನಾದವನ್ನೂ ನೆನೆಯುತ್ತಾನೆ. ಗಾಜಿನ ಬಾಗಿಲಿನಾಚೆ ಅಲ್ಬೇನಿಯದ ವಲಸಿಗ ಕುಟುಂಬವೊಂದು ಸ್ಥಳವಿಲ್ಲದೆ ನಿಂತಿದೆ. ಸೈನಿಕನೊಬ್ಬನ ಒರಟುತನದಿಂದ ಅವರ ಹಸುಗೂಸಿನ ಹಾಲು ಚೆಲ್ಲಿಹೋಗುತ್ತದೆ. ಕಿಯಾರೊಸ್ತಮಿಯ ಭಾಗದಲ್ಲಿ ಸೇನಾಧಿಕಾರಿಯ ವಿಧವೆಯ ದರ್ಪಕ್ಕೆ ಸಿಲುಕಿದ ಯುವಕನಿಗೆ, ತನ್ನೂರಿನ ಹುಡುಗಿಯೊಬ್ಬಳು ಅವನ ಹಳೆಯ ದಿನಗಳನ್ನು ನೆನಪಿಸುತ್ತಾಳೆ. ಲೋಚ್‌ರ ಭಾಗದಲ್ಲಿ ಫುಟ್‌ಬಾಲ್ ಪಂದ್ಯಕ್ಕೆ ಹೊರಟ ಸ್ಕಾಟ್ಲೆಂಡಿನ ಮೂವರು ಹುಡುಗರ ಒಂದು ಟಿಕೆಟ್ಟನ್ನು ಆ ವಲಸಿಗ ಕುಟುಂಬದ ಬಾಲಕ ಕದಿಯುತ್ತಾನೆ. ಜಗಳವಾಡಿದ ಹುಡುಗರು ಕೊನೆಗೆ ಟಿಕೆಟ್ಟನ್ನು ಅವರಿಗೇ ಬಿಟ್ಟುಕೊಡುತ್ತಾರೆ.

ಅರ್ಥಶಾಸ್ತ್ರ ಓದಿದವನಾಗಿ ನಾನು ಟಿಕೆಟ್ಟಿನ ಪರವಾಗಿಯೇ ಇದ್ದೇನೆ. ಸ್ಥಳ ಸೀಮಿತವಾಗಿರುವಲ್ಲಿ ನಿಯಮ ಬೇಕು. ಅದಿಲ್ಲದಿದ್ದರೆ ಬಲವುಳ್ಳವನೇ ಆಸನ ಹಿಡಿಯುತ್ತಾನೆ. ಆದರೆ ಆ ಗಾಜಿನ ಬಾಗಿಲನ್ನು ಕಂಡಾಗ ನನ್ನ ಸೇವಾವಧಿಯ ಒಂದು ಮಧ್ಯಾಹ್ನ ಕಣ್ಣೆದುರು ನಿಂತಿತು. ವಿಧವಾ ವೇತನ ಕೋರಿ ಬಂದಿದ್ದ ಹೆಂಗಸೊಬ್ಬಳ ಗಂಡನ ಹೆಸರು ಪಡಿತರ ಚೀಟಿಯಲ್ಲಿ ಒಂದು ಬಗೆ, ಮರಣ ಪ್ರಮಾಣಪತ್ರದಲ್ಲಿ ಇನ್ನೊಂದು ಬಗೆ ಇತ್ತು. ಅಫಿಡವಿಟ್ ಮಾಡಿಸಿ ತರುವಂತೆ ಹೇಳಿ ಅರ್ಜಿಯನ್ನು ಹಿಂದಿರುಗಿಸಿದೆ. ಆಕೆ ಮತ್ತೆ ಬರಲಿಲ್ಲ. ನಾನು ವಿಚಾರಿಸಲೂ ಇಲ್ಲ. ಕಡತದ ಪ್ರಕಾರ ನನ್ನದು ತಪ್ಪಲ್ಲ. ಗುಮಾಸ್ತನೊಬ್ಬನನ್ನು ಆಕೆಯ ಜೊತೆ ನೋಟರಿಯ ಬಳಿಗೆ ಕಳುಹಿಸಿದ್ದರೆ ಯಾವ ನಿಯಮವೂ ಮುರಿಯುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಪ್ರಾಧ್ಯಾಪಕ ಕೊನೆಗೆ ಒಂದು ಲೋಟ ಬಿಸಿಹಾಲು ತರಿಸಿ, ಎಲ್ಲರೂ ನೋಡುತ್ತಿರುವಂತೆ ತಾನೇ ಎತ್ತಿಕೊಂಡು ಬಾಗಿಲಿನತ್ತ ನಡೆಯುತ್ತಾನೆ. ಅವನು ಯಾವ ಕಾನೂನನ್ನೂ ಉಲ್ಲಂಘಿಸಲಿಲ್ಲ. ತನ್ನ ನೆನಪುಗಳಿಂದ ಹೊರಬಂದು ಆಸನದಿಂದ ಎದ್ದ, ಅಷ್ಟೆ. ಅಷ್ಟನ್ನು ಮಾಡಲು ನನಗೂ ಅಂದು ಅವಕಾಶವಿತ್ತು.