ನರಗಂಟುಗಳು ಮತ್ತು ಸರ್ಪಸುತ್ತು

ಎದೆಯ ಅಥವಾ ಸೊಂಟದ ಒಂದು ಪಾರ್ಶ್ವದಲ್ಲಿ ಪಟ್ಟಿ ಕಟ್ಟಿದಂತೆ ಗುಳ್ಳೆಗಳೆದ್ದು, ಕೆಂಡ ಸುರಿದಂತೆ ಉರಿಯುವ ವ್ಯಾಧಿಯೊಂದನ್ನು ಕನ್ನಡಿಗರು ತಲೆತಲಾಂತರದಿಂದ ಸರ್ಪಸುತ್ತು ಎಂದು ಕರೆಯುತ್ತ ಬಂದಿದ್ದಾರೆ. ಮುಂಬಯಿಯ ಚಾಳುಗಳಲ್ಲಿ ನೆರೆಯ ಮರಾಠಿ ಗೃಹಿಣಿಯರು ಅದನ್ನೇ ನಾಗೀಣ್ ಎನ್ನುತ್ತಾರೆ. ಭಾಷೆ ಬೇರೆಯಾದರೂ ಕಲ್ಪನೆ ಒಂದೇ: ಹಾವೊಂದು ಮೈಯನ್ನು ಸುತ್ತುತ್ತಿದೆ; ಅದರ ತಲೆಯೂ ಬಾಲವೂ ಕೂಡಿದರೆ ರೋಗಿ ಉಳಿಯಲಾರ. ಈ ಭೀತಿಯಿಂದ ಕೆಮ್ಮಣ್ಣಿನ ಲೇಪ ಹಚ್ಚುವುದು, ಮಂತ್ರಿಸುವವರನ್ನು ಹುಡುಕುವುದು, ನಾಗದೋಷವಿರಬಹುದೇ ಎಂದು ಊರಿನ ಹಿರಿಯರನ್ನು ವಿಚಾರಿಸುವುದು ಇಂದಿಗೂ ನಡೆದೇ ಇದೆ. ಅಷ್ಟರಲ್ಲಿ ಔಷಧಿ ಚೆನ್ನಾಗಿ ಕೆಲಸ ಮಾಡಬಹುದಾದ ಮೊದಲ ಮೂರು ದಿನಗಳು ಕಳೆದುಹೋಗಿರುತ್ತವೆ.

ಈ ಹಾವಿಗೂ ಒಂದು ಹುತ್ತವಿದೆ. ಅದು ಬೆನ್ನೆಲುಬಿನ ಮಗ್ಗುಲಲ್ಲಿ ಸಾಲಾಗಿ ಕುಳಿತಿರುವ ನರಗಂಟುಗಳಲ್ಲಿದೆ. ಆ ಗಂಟುಗಳ ರಚನೆ ಮತ್ತು ಕಾರ್ಯವನ್ನು ಅರಿತರೆ ಸರ್ಪಸುತ್ತಿನ ರಹಸ್ಯವೂ ಬಯಲಾಗುತ್ತದೆ.

ನರಗಂಟು ಎಂದರೇನು?

ನರಮಂಡಲದ ಮೂಲ ಘಟಕ ನರಕೋಶ. ಪ್ರತಿಯೊಂದು ನರಕೋಶಕ್ಕೂ ಜೀವಾಳವಾದ ಒಂದು ಕೋಶಕಾಯವೂ ಅದರಿಂದ ಹೊರಟ ಎಳೆಗಳೂ ಇರುತ್ತವೆ. ನಾವು ನರವೆಂದು ಕರೆಯುವುದು ಇಂಥ ಸಾವಿರಾರು ಎಳೆಗಳ ಕಟ್ಟನ್ನು. ಮೆದುಳು ಮತ್ತು ಬೆನ್ನುಹುರಿಗಳ ಹೊರಗೆ ಈ ಕೋಶಕಾಯಗಳು ಗುಂಪುಗೂಡಿದ ಕಡೆಗಳಲ್ಲಿ ನರವು ಉಬ್ಬಿ, ದಾರಕ್ಕೆ ಗಂಟು ಹಾಕಿದಂತೆ ಕಾಣುತ್ತದೆ. ಇದೇ ನರಗಂಟು, ವೈದ್ಯರ ಭಾಷೆಯಲ್ಲಿ ಗ್ಯಾಂಗ್ಲಿಯಾನ್. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗೇಲನ್ ಆಗಲೇ ಈ ಪದವನ್ನು ನರಗಳ ಉಬ್ಬುಗಳಿಗೆ ಬಳಸಿದ್ದನು. ಕೆಲವರ ಮಣಿಕಟ್ಟಿನ ಮೇಲೆ ಏಳುವ ಉರುಟಾದ ಗಂಟಿಗೂ ವೈದ್ಯರು ಇದೇ ಹೆಸರನ್ನು ಹೇಳುವುದುಂಟು. ಆದರೆ ಅದು ಕೀಲಿನ ಬಳಿ ಅಂಟುದ್ರವ ತುಂಬಿಕೊಂಡ ಚೀಲ. ನರಗಂಟಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ನರಗಂಟುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಸ್ಪರ್ಶ, ನೋವು, ಶಾಖಗಳ ಸುದ್ದಿಯನ್ನು ಒಳಗೆ ಒಯ್ಯುವ ಸಂವೇದನಾ ಗಂಟುಗಳು ಒಂದು ಬಗೆ. ಹೃದಯ, ಶ್ವಾಸಕೋಶ, ಜಠರ ಮೊದಲಾದವುಗಳಿಗೆ ಆಜ್ಞೆಗಳನ್ನು ಒಯ್ಯುವ ಸ್ವಯಂಚಾಲಿತ ನರವ್ಯೂಹದ ಗಂಟುಗಳು ಇನ್ನೊಂದು ಬಗೆ.

ಸುದ್ದಿ ಒಯ್ಯುವ ಗಂಟುಗಳು

ಬೆನ್ನುಹುರಿಯಿಂದ ಎಡಬಲಗಳಿಗೆ 31 ಜೊತೆ ನರಗಳು ಹೊರಡುತ್ತವೆ: ಕತ್ತಿನಲ್ಲಿ 8, ಎದೆಯ ಭಾಗದಲ್ಲಿ 12, ಸೊಂಟದಲ್ಲಿ 5, ತ್ರಿಕಾಸ್ಥಿಯ ಬಳಿ 5, ಬೆನ್ನೆಲುಬಿನ ತುದಿಯಲ್ಲಿ 1. ಪ್ರತಿಯೊಂದು ನರಕ್ಕೂ ಎರಡು ಬೇರುಗಳು. ಮುಂಬೇರಿನ ಮೂಲಕ ಸ್ನಾಯುಗಳಿಗೆ ಆಜ್ಞೆ ಹೊರಗೆ ಹೋಗುತ್ತದೆ. ಹಿಂಬೇರಿನ ಮೂಲಕ ಸಂವೇದನೆ ಒಳಗೆ ಬರುತ್ತದೆ. ಈ ಕೆಲಸದ ಹಂಚಿಕೆಯನ್ನು 19ನೆಯ ಶತಮಾನದ ಆದಿಯಲ್ಲಿ ಬ್ರಿಟನ್ನಿನ ಚಾರ್ಲ್ಸ್ ಬೆಲ್ ಮತ್ತು ಫ್ರಾನ್ಸಿನ ಮೆಜೆಂಡಿ ತೋರಿಸಿಕೊಟ್ಟರು. ಸಂವೇದನಾ ಗಂಟು ಇರುವುದು ಹಿಂಬೇರಿನ ಮೇಲೆ, ಎರಡು ಕಶೇರುಗಳ ನಡುವಣ ಕಿಂಡಿಯಲ್ಲಿ.

ಕಾಲಿನ ಹೆಬ್ಬೆರಳಿಗೆ ಮುಳ್ಳು ಚುಚ್ಚಿದಾಗ ಆ ಸುದ್ದಿಯನ್ನು ತರುವ ಎಳೆಯ ಕೋಶಕಾಯ ಇರುವುದು ಬೆನ್ನಿನ ಕೆಳಭಾಗದ ಗಂಟಿನಲ್ಲಿ. ಎಳೆಯ ಉದ್ದ ಸುಮಾರು ಒಂದು ಮೀಟರ್. ಇಂಥ ಗಂಟನ್ನು ರೈಲುಮಾರ್ಗದ ಪಕ್ಕದ ಕುರ್ಲಾ ಕಾರ್‌ಶೆಡ್ಡಿಗೆ ಹೋಲಿಸಬಹುದು. ಗಾಡಿ ಅಲ್ಲಿ ನಿಲ್ಲದೆ ಮುಂದೆ ಸಾಗುತ್ತದೆ. ಆದರೆ ಗಾಡಿಗಳ ಪಾಲನೆ ಪೋಷಣೆ ನಡೆಯುವುದು ಆ ಶೆಡ್ಡಿನಲ್ಲಿಯೇ. ಹಾಗೆಯೇ ನೋವಿನ ಸುದ್ದಿ ನಿಲ್ಲದೆ ಬೆನ್ನುಹುರಿಗೆ ಓಡುತ್ತದೆ. ಎಳೆಯನ್ನು ಜೀವಂತವಾಗಿಡುವ ಕೆಲಸ ಮಾತ್ರ ಗಂಟಿನದು. ಮುಖದ ಸಂವೇದನೆಗಾಗಿ ತಲೆಬುರುಡೆಯೊಳಗೆ, ಐದನೆಯ ಕಪಾಲನರದ ಮೇಲೆ, ಇಂಥದೇ ದೊಡ್ಡ ಗಂಟೊಂದಿದೆ.

ಆಜ್ಞೆ ಒಯ್ಯುವ ಗಂಟುಗಳು

ಎರಡನೆಯ ಬಗೆಯ ಗಂಟುಗಳು ನಿಜವಾದ ಜಂಕ್ಷನ್‌ಗಳು. ವಿರಾರಿನಿಂದ ಬಂದವರು ದಾದರಿನಲ್ಲಿ ಇಳಿದು ಸೆಂಟ್ರಲ್ ಮಾರ್ಗದ ಗಾಡಿ ಹಿಡಿಯುವಂತೆ, ಬೆನ್ನುಹುರಿಯಿಂದ ಬಂದ ಆಜ್ಞೆ ಇಲ್ಲಿ ಒಂದು ನರಕೋಶದಿಂದ ಇನ್ನೊಂದಕ್ಕೆ ವರ್ಗವಾಗುತ್ತದೆ. ಬೆನ್ನೆಲುಬಿನ ಎರಡು ಪಕ್ಕಗಳಲ್ಲಿ ಮಣಿಸರದಂತೆ ಇಳಿದಿರುವ ಸಿಂಪಥೆಟಿಕ್ ಗಂಟುಗಳು ಆಪತ್ತಿನ ಕಾಲದ ಕಾರ್ಯಕರ್ತರು. ಬೆಳಗಿನ ಲೋಕಲ್ ಹಿಡಿಯಲು ಓಡುವಾಗ ಎದೆ ಹೊಡೆದುಕೊಳ್ಳುವುದು, ಬೆವರು ಇಳಿಯುವುದು ಇವುಗಳ ಮೂಲಕ. ಮನೆಗೆ ಬಂದು ಉಂಡು ವಿಶ್ರಮಿಸುವಾಗ ಪ್ಯಾರಾಸಿಂಪಥೆಟಿಕ್ ಗಂಟುಗಳ ಸರದಿ. ಅವು ಆಯಾ ಅವಯವದ ಸಮೀಪದಲ್ಲೋ ಅದರ ಗೋಡೆಯಲ್ಲೋ ಇದ್ದು, ಹೃದಯವನ್ನು ನಿಧಾನಗೊಳಿಸಿ ಪಚನವನ್ನು ಚುರುಕುಗೊಳಿಸುತ್ತವೆ.

ಇಂಗ್ಲೆಂಡಿನ ಲ್ಯಾಂಗ್ಲಿ ಮತ್ತು ಡಿಕಿನ್‌ಸನ್ 1889ರಲ್ಲಿ ಪ್ರಾಣಿಗಳ ಇಂಥ ಗಂಟಿನ ಮೇಲೆ ನಿಕೋಟಿನ್ ಸವರಿ, ಆಜ್ಞೆ ಅಲ್ಲಿಯೇ ತಡೆದು ನಿಲ್ಲುವುದನ್ನು ತೋರಿಸಿದರು. ಅಲ್ಪ ಪ್ರಮಾಣದಲ್ಲಿ ಅದೇ ವಸ್ತು ಈ ಗಂಟುಗಳನ್ನು ಕೆರಳಿಸುತ್ತದೆ. ಬೀಡಿ ಸೇದುವವರ, ತಂಬಾಕು ಜಗಿಯುವವರ ನಾಡಿಬಡಿತವೂ ರಕ್ತದೊತ್ತಡವೂ ಏರುವುದಕ್ಕೆ ಇದೊಂದು ಕಾರಣ.

ಕರುಳಿನ ಗೋಡೆಯಲ್ಲಿ ಹರಡಿರುವ ಸಣ್ಣ ಗಂಟುಗಳಲ್ಲಿಯೇ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆ. ಆಹಾರವನ್ನು ಮುಂದೆ ತಳ್ಳುವ ಅಲೆಯನ್ನು ನಡೆಸುವುದು ಇವೇ. ಕೆಲವು ಶಿಶುಗಳು ಕರುಳಿನ ಕೊನೆಯ ಭಾಗದಲ್ಲಿ ಈ ಗಂಟುಗಳಿಲ್ಲದೆಯೇ ಹುಟ್ಟುತ್ತವೆ. ಹುಟ್ಟಿದ 48 ಗಂಟೆಗಳೊಳಗೆ ಮಗು ಮಲ ವಿಸರ್ಜಿಸದೆ ಹೊಟ್ಟೆ ಉಬ್ಬಿದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಹರ್ಷ್‌ಸ್ಪ್ರಂಗ್ ವ್ಯಾಧಿ ಎಂಬ ಈ ದೋಷವನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು.

ಹುತ್ತದೊಳಗಿನ ಹಾವು

ಇನ್ನು ಸರ್ಪಸುತ್ತಿನ ವಿಚಾರ. ಬಾಲ್ಯದಲ್ಲಿ ಬರುವ ಸೀತಾಳೆ ಸಿಡುಬು, ಮರಾಠಿಯವರ ಕಾಂಜಿಣ್ಯಾ, ಒಂದು ವೈರಸ್ಸಿನಿಂದ ಉಂಟಾಗುತ್ತದೆ. ಗುಳ್ಳೆಗಳು ಒಣಗಿ ಮಗು ಎದ್ದು ಆಡತೊಡಗಿದರೂ ವೈರಸ್ಸು ದೇಹವನ್ನು ಬಿಟ್ಟು ಹೋಗುವುದಿಲ್ಲ. ಅದು ಸಂವೇದನಾ ನರದ ಎಳೆಗಳಗುಂಟ ಏರಿ, ನರಗಂಟುಗಳ ಕೋಶಕಾಯಗಳಲ್ಲಿ ಅಡಗಿ ಮಲಗುತ್ತದೆ. ಹತ್ತು ಹನ್ನೆರಡರ ವಯಸ್ಸಿನಲ್ಲಿ ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಈ ನಗರದಲ್ಲಿ ಬದುಕು ಕಟ್ಟಿಕೊಂಡ ಎಷ್ಟೋ ಹಿರಿಯರು ಊರಿನ ನೆನಪುಗಳೊಡನೆ ಈ ಮಲಗಿದ ವೈರಸ್ಸನ್ನೂ ಹೊತ್ತು ತಂದಿದ್ದಾರೆ. ಐವತ್ತು ವರ್ಷ ಅದು ಮಿಸುಕದಿರಬಹುದು. ಪ್ರಾಯ ಸಂದಂತೆ, ಅಥವಾ ಮಧುಮೇಹ, ಅರ್ಬುದರೋಗದ ಚಿಕಿತ್ಸೆ, ದೀರ್ಘಕಾಲದ ಸ್ಟೀರಾಯ್ಡ್ ಸೇವನೆ, ಎಚ್‌ಐವಿ ಸೋಂಕು ಮೊದಲಾದ ಕಾರಣಗಳಿಂದ ದೇಹದ ರಕ್ಷಣಾಶಕ್ತಿ ಕುಗ್ಗಿದಾಗ, ಯಾವುದೋ ಒಂದು ಗಂಟಿನಲ್ಲಿ ಅದು ಎಚ್ಚೆತ್ತು, ಬಂದ ದಾರಿಯಲ್ಲಿಯೇ ಚರ್ಮಕ್ಕೆ ಮರಳುತ್ತದೆ. ಇದೇ ಸರ್ಪಸುತ್ತು.

ಈ ತಿಳುವಳಿಕೆ ಒಂದೇ ದಿನದಲ್ಲಿ ಬಂದುದಲ್ಲ. 1860ರ ದಶಕದಲ್ಲಿ ಜರ್ಮನಿಯ ಬೇರೆನ್‌ಸ್ಪ್ರುಂಗ್ ಈ ರೋಗದ ಮೂಲ ನರಗಂಟಿನಲ್ಲಿದೆ ಎಂದು ತೋರಿಸಿದರು. 1900ರಲ್ಲಿ ಹೆನ್ರಿ ಹೆಡ್ ಮತ್ತು ಕ್ಯಾಂಪ್‌ಬೆಲ್ ಮೃತ ರೋಗಿಗಳ ಗಂಟುಗಳನ್ನು ಪರೀಕ್ಷಿಸಿ, ಯಾವ ಗಂಟು ಚರ್ಮದ ಯಾವ ಪಟ್ಟಿಯನ್ನು ಆಳುತ್ತದೆಂಬ ನಕ್ಷೆಯನ್ನೇ ರಚಿಸಿದರು. ಮಲಗಿದ ವೈರಸ್ಸು ಮತ್ತೆ ಏಳುತ್ತದೆಂಬ ಸಿದ್ಧಾಂತವನ್ನು 1965ರಲ್ಲಿ ಸ್ಪಷ್ಟವಾಗಿ ಮಂಡಿಸಿದವರು ಹೋಪ್ ಸಿಂಪ್ಸನ್ ಎಂಬ ಇಂಗ್ಲೆಂಡಿನ ಒಬ್ಬ ಸಾಮಾನ್ಯ ಕುಟುಂಬವೈದ್ಯರು.

ತಲೆ ಬಾಲಗಳು ಕೂಡುವುದೇ?

ಆ ನಕ್ಷೆಯನ್ನು ನೋಡಿದರೆ ಹಳೆಯ ಭೀತಿಗೆ ಉತ್ತರ ದೊರೆಯುತ್ತದೆ. ಪ್ರತಿಯೊಂದು ಗಂಟೂ ದೇಹದ ಒಂದೇ ಪಕ್ಕದ, ಬೆನ್ನಿನ ನಡುಗೆರೆಯಿಂದ ಮುಂದಿನ ನಡುಗೆರೆಯವರೆಗಿನ ಪಟ್ಟಿಯನ್ನು ಮಾತ್ರ ಆಳುತ್ತದೆ. ಎದೆಯ ಹತ್ತನೆಯ ನರದ ಪಟ್ಟಿ ಹೊಕ್ಕುಳಿನ ಮಟ್ಟದಲ್ಲಿ ಮುಗಿಯುತ್ತದೆ. ಆದುದರಿಂದಲೇ ಗುಳ್ಳೆಗಳು ಅರ್ಧ ಸುತ್ತಿ ನಿಲ್ಲುತ್ತವೆ. ಎರಡು ಪಕ್ಕಗಳಲ್ಲಿಯೂ ಏಳುವುದು ಅತಿ ವಿರಳ. ಎದ್ದರೂ ಸುತ್ತು ಪೂರ್ಣವಾಯಿತೆಂಬ ಕಾರಣಕ್ಕೆ ಯಾರೂ ಸಾಯುವುದಿಲ್ಲ. ರೋಗನಿರೋಧಶಕ್ತಿ ತೀರ ಕುಂದಿದವರಲ್ಲಿ ಗುಳ್ಳೆಗಳು ಮೈಯೆಲ್ಲ ಹರಡಿದರೆ ಅಪಾಯವುಂಟು. ಅಂಥವರನ್ನು ಆಸ್ಪತ್ರೆಯಲ್ಲಿಯೇ ಇಟ್ಟು ಶುಶ್ರೂಷೆ ಮಾಡಬೇಕಾಗುತ್ತದೆ.

ನಿಜವಾದ ಭಯ ಬೇರೆಯಿದೆ. ಗಂಟಿನೊಳಗಿನ ಉರಿಯೂತದಿಂದ ನರಕೋಶಗಳು ಜಖಂಗೊಂಡರೆ, ಗುಳ್ಳೆ ಮಾಯ್ದ ಮೇಲೆಯೂ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ನೋವು ಉಳಿಯುತ್ತದೆ. ಅಂಗಿಯ ಬಟ್ಟೆ ತಗುಲಿದರೂ ಸಹಿಸಲಾಗದ ಈ ವೇದನೆ ವೃದ್ಧರ ನಿದ್ರೆಯನ್ನು ಕಸಿಯುತ್ತದೆ. ಮುಖದ ಗಂಟಿನಲ್ಲಿ ವೈರಸ್ಸು ಎಚ್ಚೆತ್ತು ಹಣೆಯ ಮೇಲೆ ಗುಳ್ಳೆಗಳೆದ್ದರೆ ಕಣ್ಣಿಗೆ ಅಪಾಯ. ಮೂಗಿನ ತುದಿಯಲ್ಲಿ ಗುಳ್ಳೆ ಕಂಡರಂತೂ ಆ ದಿನವೇ ಕಣ್ಣಿನ ವೈದ್ಯರನ್ನು ಕಾಣಬೇಕು. ಕಿವಿಯ ಸುತ್ತ ಗುಳ್ಳೆಗಳೆದ್ದು ಬಾಯಿ ಸೊಟ್ಟಗಾದರೂ ಅಷ್ಟೇ ತ್ವರೆ ಅಗತ್ಯ.

ಮೊದಲ 72 ಗಂಟೆಗಳು

ಗುಳ್ಳೆ ಕಾಣಿಸಿಕೊಂಡ 72 ಗಂಟೆಗಳೊಳಗೆ ಅಸೈಕ್ಲೋವಿರ್ ಅಥವಾ ವ್ಯಾಲಸೈಕ್ಲೋವಿರ್ ಮಾತ್ರೆಗಳನ್ನು ಆರಂಭಿಸಿದರೆ ವೈರಸ್ಸಿನ ವೃದ್ಧಿ ತಗ್ಗುತ್ತದೆ, ಗುಳ್ಳೆಗಳು ಬೇಗ ಒಣಗುತ್ತವೆ, ನೋವಿನ ತೀವ್ರತೆ ಇಳಿಯುತ್ತದೆ. ಅಸೈಕ್ಲೋವಿರ್ ಔಷಧಿಯ ನಿರ್ಮಾಣಕ್ಕೆ ಕಾರಣವಾದ ಸಂಶೋಧನೆಯ ಮುಂಚೂಣಿಯಲ್ಲಿದ್ದ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಮೂರು ದಿನ ಮೀರಿತೆಂದು ವೈದ್ಯರಲ್ಲಿಗೆ ಹೋಗದಿರುವುದೂ ಸರಿಯಲ್ಲ. ಹೊಸ ಗುಳ್ಳೆಗಳು ಏಳುತ್ತಿದ್ದರೆ, ಕಣ್ಣು ಕಿವಿಗಳಿಗೆ ತಗುಲಿದ್ದರೆ, ತಡವಾಗಿಯೂ ಚಿಕಿತ್ಸೆ ನೀಡುತ್ತಾರೆ.

ಡೊಂಬಿವಲಿಯಿಂದಲೋ ವಸಾಯಿಯಿಂದಲೋ ದಿನವೂ ಗಾಡಿ ಹಿಡಿಯುವವರು, ದಿನಗೂಲಿಯವರು, ಹೋಟೆಲಿನ ಕಾರ್ಮಿಕರು ಒಂದು ದಿನದ ಸಂಬಳ ಹೋದೀತೆಂದು ರಜೆ ಹಾಕಲು ಹಿಂಜರಿಯುವುದು ಸಹಜ. ಆದರೆ ಒಂದು ದಿನ ಉಳಿಸಲು ಹೋಗಿ ಆರು ತಿಂಗಳು ನರಳುವುದು ಲಾಭದ ವ್ಯವಹಾರವಲ್ಲ. ಪರೇಲಿನ ಕೆ.ಇ.ಎಂ., ಮುಂಬಯಿ ಸೆಂಟ್ರಲ್‌ನ ನಾಯರ್, ಸಯನ್ ಆಸ್ಪತ್ರೆಗಳಂಥ ಮಹಾನಗರಪಾಲಿಕೆಯ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಹತ್ತಿರದ ಕುಟುಂಬವೈದ್ಯರೂ ಕಣ್ಣಿನಿಂದ ನೋಡಿಯೇ ಈ ರೋಗವನ್ನು ಗುರುತಿಸಬಲ್ಲರು. ಗುಳ್ಳೆ ಏಳುವ ಎರಡು ಮೂರು ದಿನ ಮುಂಚೆಯೇ ಆ ಜಾಗದಲ್ಲಿ ಉರಿ, ಚುಚ್ಚುನೋವು ಆರಂಭವಾಗುವುದುಂಟು. ಆದರೆ ಎದೆನೋವನ್ನು ಸರ್ಪಸುತ್ತಿನದೆಂದು ತಾವೇ ತೀರ್ಮಾನಿಸಬಾರದು. ಹೃದಯದ ಪರೀಕ್ಷೆ ಮೊದಲಾಗಲಿ.

ಗುಳ್ಳೆಗಳಿಗೆ ಮಣ್ಣು, ಸುಣ್ಣ ಹಚ್ಚಿದರೆ ಕೀವಾಗುವ ಸಂಭವವಿದೆ. ಶುದ್ಧ ನೀರಿನಿಂದ ತೊಳೆದು, ಸಡಿಲವಾದ ಹತ್ತಿಯ ಬಟ್ಟೆಯಿಂದ ಮುಚ್ಚಿದರೆ ಸಾಕು. ನಾಗಬನದಲ್ಲಿ ತಂಬಿಲ ಸಲ್ಲಿಸುವ ಹರಕೆಯಿದ್ದರೆ ಅದನ್ನು ಊರಿಗೆ ಹೋದಾಗ ತೀರಿಸಬಹುದು. ಮಾತ್ರೆ ಅಲ್ಲಿಯವರೆಗೆ ಕಾಯಲಾರದು.

ಮನೆಮಂದಿಯ ಎಚ್ಚರಿಕೆ

ಸರ್ಪಸುತ್ತು ಒಬ್ಬರಿಂದ ಇನ್ನೊಬ್ಬರಿಗೆ ಸರ್ಪಸುತ್ತಾಗಿ ಅಂಟುವುದಿಲ್ಲ. ಆದರೆ ಗುಳ್ಳೆಯ ನೀರಿನಿಂದ, ಸೀತಾಳೆ ಸಿಡುಬು ಬಾರದವರಿಗೂ ಅದರ ಲಸಿಕೆ ಪಡೆಯದವರಿಗೂ ಆ ಸಿಡುಬು ತಗುಲಬಹುದು. ಒಂದೇ ಕೋಣೆಯಲ್ಲಿ ಇಡೀ ಸಂಸಾರ ಮಲಗುವ ಈ ನಗರದಲ್ಲಿ ಇದು ಸಣ್ಣ ಮಾತಲ್ಲ. ಗುಳ್ಳೆಗಳು ಹಕ್ಕಳೆಗಟ್ಟುವವರೆಗೆ ಗರ್ಭಿಣಿಯರು ಮತ್ತು ಹಸುಳೆಗಳು ದೂರವಿರಬೇಕು. ರೋಗಿಯ ಟವೆಲು, ಬಟ್ಟೆಗಳು ಪ್ರತ್ಯೇಕವಾಗಿರಬೇಕು.

ಐವತ್ತು ದಾಟಿದವರಿಗೆ ಸರ್ಪಸುತ್ತನ್ನು ತಡೆಯುವ ಲಸಿಕೆಯೊಂದು 2023ರಿಂದ ಭಾರತದಲ್ಲಿಯೂ ದೊರೆಯುತ್ತಿದೆ. ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು. ಪ್ರಯೋಗಗಳಲ್ಲಿ ಅದು ಪ್ರತಿಶತ 90ರಷ್ಟು ರಕ್ಷಣೆ ನೀಡಿದೆ. ಬೆಲೆ ಸಾಮಾನ್ಯ ಕುಟುಂಬಕ್ಕೆ ಭಾರವೇ ಸರಿ. ಆದರೆ ಮಧುಮೇಹವುಳ್ಳ ಹಿರಿಯರು ಈ ಕುರಿತು ತಮ್ಮ ವೈದ್ಯರೊಡನೆ ಸಮಾಲೋಚಿಸುವುದು ಉಚಿತ.

ಕಡಲೆಕಾಳಿಗಿಂತ ಹೆಚ್ಚು ದೊಡ್ಡದಲ್ಲದ ಒಂದು ನರಗಂಟು ಮನುಷ್ಯನ ಸುಖದುಃಖಗಳ ಸುದ್ದಿಯನ್ನು ಜೀವಮಾನವಿಡೀ ಹೊತ್ತು ಸಾಗಿಸುತ್ತದೆ. ಮೈಯ ಒಂದೇ ಪಕ್ಕದಲ್ಲಿ ಉರಿ ಎದ್ದು ಗುಳ್ಳೆ ಮೂಡಿದ ದಿನ, ಹಾವಿನ ತಲೆ ಎಲ್ಲಿ, ಬಾಲ ಎಲ್ಲಿ ಎಂದು ಅಳೆಯುತ್ತ ಕೂರದೆ, ಆ ಸಂಜೆಯೇ ವೈದ್ಯರ ಬಾಗಿಲು ತಟ್ಟುವುದು ವಿವೇಕ.