ಕಂತಿನ ಸಾಲ: ಕಾನೂನಿನ ದೃಷ್ಟಿಯಲ್ಲಿ ಋಣದಾತನು ಯಾರು?

ರೆಫ್ರಿಜರೇಟರನ್ನು ಕಂತಿನ ಮೇಲೆ ಕೊಳ್ಳುವ ಗ್ರಾಹಕನು ತಾನು ಅಂಗಡಿಯವನಿಗೆ ಸಾಲಗಾರನೆಂದು ಭಾವಿಸುವುದುಂಟು. ಬಹುತೇಕ ಸಂದರ್ಭಗಳಲ್ಲಿ ಇದು ಸರಿಯಲ್ಲ. ಅಂಗಡಿಯವನಿಗೆ ಬೆಲೆಯನ್ನು ಹಣಕಾಸು ಸಂಸ್ಥೆಯು ಸಂದಾಯ ಮಾಡಿರುತ್ತದೆ. ಸಹಿಯಾದ ಕರಾರಿನಲ್ಲಿ ಋಣದಾತನ ಸ್ಥಾನ ಆ ಸಂಸ್ಥೆಯದೇ. ಆದುದರಿಂದ ವಸ್ತು ಕೆಟ್ಟಿತೆಂದು ಕಂತು ನಿಲ್ಲಿಸಿದವನು, ಅಂಗಡಿಯವನ ಮೇಲಿನ ದೂರು ನ್ಯಾಯವಾದುದೇ ಆಗಿದ್ದರೂ, ಸಂಸ್ಥೆಯ ಲೆಕ್ಕದಲ್ಲಿ ಸುಸ್ತಿದಾರನಾಗುತ್ತಾನೆ.

ಗ್ರಾಹಕ ಸಾಲದ ಕರಾರನ್ನು ಪ್ರತ್ಯೇಕವಾಗಿ ನಿರೂಪಿಸುವ ಸಮಗ್ರ ಅಧಿನಿಯಮ ಭಾರತದಲ್ಲಿಲ್ಲ. ಬಾಡಿಗೆ ಖರೀದಿಗೆಂದು 1972ರಲ್ಲಿ ಅಂಗೀಕೃತವಾದ ಅಧಿನಿಯಮವು ಜಾರಿಗೆ ಬಾರದೆಯೇ 2005ರಲ್ಲಿ ನಿರಸನಗೊಂಡಿತು. ಆದರೂ ಕರಾರಿನ ಬಗೆಯನ್ನು ಅರಿಯುವುದು ಅಗತ್ಯ. ಬಾಡಿಗೆ ಖರೀದಿಯಲ್ಲಿ ಕೊನೆಯ ಕಂತು ಸಲ್ಲುವವರೆಗೆ ವಸ್ತುವಿನ ಒಡೆತನ ಋಣದಾತನದು. ಹೈಪಾಥಿಕೇಷನ್ ಸಾಲದಲ್ಲಿ ಒಡೆತನ ಕೊಂಡವನದು, ಋಣದಾತನಿಗೆ ಅದರ ಮೇಲೆ ಭಾರ ಮಾತ್ರ ಇರುತ್ತದೆ.

"ಋಣದಾತ" ಎಂಬುದರ ನಿರೂಪಣೆಯು 1872ರ ಭಾರತೀಯ ಕರಾರು ಅಧಿನಿಯಮದ 126ನೆಯ ಪ್ರಕರಣದಲ್ಲಿ, ಜಾಮೀನಿನ ಸಂದರ್ಭದಲ್ಲಿ ಬರುತ್ತದೆ: ಯಾರಿಗೆ ಜಾಮೀನು ನೀಡಲಾಗಿದೆಯೋ ಅವನೇ ಋಣದಾತ. 128ನೆಯ ಪ್ರಕರಣದಂತೆ, ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಜಾಮೀನುದಾರನ ಹೊಣೆ ಮೂಲ ಸಾಲಗಾರನ ಹೊಣೆಯಷ್ಟೇ ವ್ಯಾಪಕ. ಮೊದಲು ಸಾಲಗಾರನಿಂದ ವಸೂಲಿಗೆ ಯತ್ನಿಸಿ, ಆನಂತರವೇ ಜಾಮೀನುದಾರನ ಬಳಿಗೆ ಬರಬೇಕೆಂಬ ನಿರ್ಬಂಧವು ಋಣದಾತನಿಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1968ರಲ್ಲಿಯೇ ಸ್ಪಷ್ಟಪಡಿಸಿದೆ. ಸಹೋದ್ಯೋಗಿಯ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಸಹಿ ಹಾಕುವವರಲ್ಲಿ ಇದನ್ನು ಅರಿತವರು ವಿರಳ.

ಋಣದಾತನು ಲೇವಾದೇವಿಗಾರನಾಗಿದ್ದರೆ ಆಯಾ ರಾಜ್ಯದ ಲೇವಾದೇವಿ ಕಾನೂನು ಅನ್ವಯಿಸುತ್ತದೆ. ಮಹಾರಾಷ್ಟ್ರದಲ್ಲಿ ಅದು 2014ರ ಅಧಿನಿಯಮ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಬ್ಯಾಂಕೇತರ ಹಣಕಾಸು ಸಂಸ್ಥೆಗಳಿಗೆ ಇಂತಹ ರಾಜ್ಯ ಕಾನೂನುಗಳು ಅನ್ವಯಿಸುವುದಿಲ್ಲವೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿದೆ. ಅವು ರಿಸರ್ವ್ ಬ್ಯಾಂಕಿನ ನಿಯಂತ್ರಣಕ್ಕೆ ಒಳಪಟ್ಟಿವೆ.

ಆ ಬ್ಯಾಂಕಿನ ಒಂದು ನಿಯಮವು ಹೊರನಾಡ ಕನ್ನಡಿಗರಿಗೆ ವಿಶೇಷವಾಗಿ ಉಪಯುಕ್ತ. 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಹಣಕಾಸು ಸಂಸ್ಥೆಗಳೂ ವೈಯಕ್ತಿಕ ಅವಧಿ ಸಾಲ ನೀಡುವ ಮುನ್ನ ಮುಖ್ಯ ಸಂಗತಿಗಳ ವಿವರಣಾ ಪತ್ರವನ್ನು ಒದಗಿಸತಕ್ಕದ್ದು. ಬಡ್ಡಿಯ ಜೊತೆಗೆ ಶುಲ್ಕಗಳನ್ನೂ ಸೇರಿಸಿ ಲೆಕ್ಕಹಾಕಿದ ವಾರ್ಷಿಕ ದರವು ಅದರಲ್ಲಿರಬೇಕು. ಪತ್ರವು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅದರಲ್ಲಿ ಕಾಣಿಸದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ವಸೂಲು ಮಾಡುವಂತಿಲ್ಲ.

2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಅನುಸಾರ, ಬೆಲೆಯನ್ನು ಮುಂದೂಡಿದ ಪಾವತಿಯ ಮೇಲೆ ಕೊಂಡವನೂ "ಗ್ರಾಹಕ"ನೇ. ಹಣಕಾಸು ಒದಗಿಸುವುದೂ "ಸೇವೆ"ಯೇ. ದೂರನ್ನು, ಕಾರಣವು ಉದ್ಭವಿಸಿದ ದಿನದಿಂದ ಎರಡು ವರ್ಷಗಳೊಳಗೆ, ದೂರುದಾರನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ಸಲ್ಲಿಸಬಹುದು. ಪುಣೆಯಲ್ಲಿ ನೆಲೆಸಿದವನು ಹುಬ್ಬಳ್ಳಿಯಲ್ಲಿ ಪಡೆದ ಸಾಲಕ್ಕಾಗಿ ಹುಬ್ಬಳ್ಳಿಗೆ ಅಲೆಯಬೇಕಾಗಿಲ್ಲ.