ಅಂಕ ಕಡಿಮೆಯೆನಿಸಿದಾಗ ಆಯ್ಕೆಪಟ್ಟಿ ಬರೆಯುವ ಬಗೆ

ದ್ವಿತೀಯ ಪಿಯುಸಿಯ ಪೂರ್ವಸಿದ್ಧತಾ ಪರೀಕ್ಷೆಯ ಫಲಿತಾಂಶವನ್ನು ಮುಂದಿಟ್ಟುಕೊಂಡು, ಅಂತಿಮ ಪರೀಕ್ಷೆಯಲ್ಲಿ ಇಷ್ಟು ಬರಬಹುದೆಂದು ಮನೆಯವರೂ ಉಪನ್ಯಾಸಕರೂ ಹಾಕಿಕೊಳ್ಳುವ ಲೆಕ್ಕವನ್ನು ನಿರೀಕ್ಷಿತ ಅಂಕ ಎನ್ನಬಹುದು. ಕರ್ನಾಟಕದಲ್ಲಿ ಈ ಲೆಕ್ಕಕ್ಕೆ ಅಧಿಕೃತ ಸ್ಥಾನವೇನೂ ಇಲ್ಲ. ಆದರೂ ಯಾವ ಕೋರ್ಸಿಗೆ, ಯಾವ ಕಾಲೇಜಿಗೆ ಪ್ರಯತ್ನಿಸಬೇಕೆಂಬ ಮಾತು ಬಹುಪಾಲು ಮನೆಗಳಲ್ಲಿ ನಡೆಯುವುದು ಇದರ ಮೇಲೆಯೇ. ಮಂಗಳೂರಿನ ಬಿಜೈಯಂತಹ ಬಡಾವಣೆಯಲ್ಲಿ ಈ ಲೆಕ್ಕದ ಭಾರ ಇನ್ನೂ ಹೆಚ್ಚು, ಏಕೆಂದರೆ ಪಿಯುಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿಯಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿ ಮೊದಲೆರಡು ಸ್ಥಾನಗಳನ್ನು ತಮ್ಮೊಳಗೇ ಹಂಚಿಕೊಳ್ಳುವುದು ವಾಡಿಕೆಯಂತಾಗಿದೆ. 2024ರಲ್ಲಿ ರಾಜ್ಯದ ಉತ್ತೀರ್ಣತೆ ಶೇ. 81.15 ಇದ್ದಾಗ ದಕ್ಷಿಣ ಕನ್ನಡದ್ದು ಶೇ. 97.37 ಇತ್ತು; 2025ರಲ್ಲಿ ರಾಜ್ಯದ್ದು ಶೇ. 73.45ಕ್ಕೆ ಇಳಿದಾಗಲೂ ಉಡುಪಿ ಶೇ. 93.90ರಲ್ಲಿ, ದಕ್ಷಿಣ ಕನ್ನಡ ಶೇ. 93.57ರಲ್ಲಿ ನಿಂತಿದ್ದವು. ಅಕ್ಕಪಕ್ಕದ ಮನೆಗಳವರೆಲ್ಲ ತೊಂಬತ್ತರ ಮೇಲಿರುವಂತೆ ಕಾಣುವ ಊರಿನಲ್ಲಿ ಶೇ. 60ರ ಆಸುಪಾಸಿನ ವಿದ್ಯಾರ್ಥಿ ತಾನು ಸೋತೆನೆಂದೇ ಭಾವಿಸಿಕೊಳ್ಳುವುದು ಸುಲಭ. ಆದರೆ ಸೀಟು ಹಂಚಿಕೆಯ ರ‍್ಯಾಂಕ್ ಪಟ್ಟಿ ಇಡೀ ರಾಜ್ಯದ ಅಭ್ಯರ್ಥಿಗಳದ್ದಾದುದರಿಂದ ಆ ವಿದ್ಯಾರ್ಥಿಯ ನಿಜವಾದ ಸ್ಥಾನ ಬೀದಿಯ ಹೋಲಿಕೆಯಿಂದ ತಿಳಿಯುವಂಥದ್ದಲ್ಲ.

ನಿರೀಕ್ಷಿತ ಅಂಕಕ್ಕೇ ಅಧಿಕೃತ ಬೆಲೆಯಿರುವ ದೇಶ ಬ್ರಿಟನ್. ಅಲ್ಲಿ ಪದವಿಗೆ ಅರ್ಜಿ ಹಾಕುವಾಗ ಅಂತಿಮ ಪರೀಕ್ಷೆ ಇನ್ನೂ ನಡೆದಿರುವುದಿಲ್ಲ. ಶಿಕ್ಷಕರು ಊಹಿಸಿ ಬರೆದುಕೊಟ್ಟ ಶ್ರೇಣಿಯನ್ನು ನೋಡಿ ವಿಶ್ವವಿದ್ಯಾಲಯಗಳು ಷರತ್ತಿನ ಮೇಲೆ ಸೀಟು ನೀಡುತ್ತವೆ, ಮತ್ತು ಒಬ್ಬ ಅಭ್ಯರ್ಥಿ ಸಾಮಾನ್ಯವಾಗಿ ಐದಕ್ಕಿಂತ ಹೆಚ್ಚು ಆಯ್ಕೆಗಳನ್ನು ಕೊಡುವಂತಿಲ್ಲ. ಈ ಊಹೆಗಳು ಎಷ್ಟರಮಟ್ಟಿಗೆ ನಿಜವಾಗುತ್ತವೆ ಎಂಬುದನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಗಿಲ್ ವೈನೆಸ್ 2016ರಲ್ಲಿ ಪರಿಶೀಲಿಸಿದಾಗ, ಊಹೆ ಸರಿಯಾಗಿದ್ದದ್ದು ಸುಮಾರು ಶೇ. 16 ಅಭ್ಯರ್ಥಿಗಳ ವಿಷಯದಲ್ಲಿ ಮಾತ್ರವೆಂದೂ ಸುಮಾರು ಶೇ. 75 ಮಂದಿಗೆ ನಿಜವಾಗಿ ದೊರೆತದ್ದಕ್ಕಿಂತ ಹೆಚ್ಚಿನ ಶ್ರೇಣಿಯನ್ನು ಊಹಿಸಲಾಗಿತ್ತೆಂದೂ ಕಂಡುಬಂತು. ಮಕ್ಕಳನ್ನು ಎರಡು ವರ್ಷ ಹತ್ತಿರದಿಂದ ಕಂಡ ಶಿಕ್ಷಕರ ಊಹೆಯೇ ಇಷ್ಟು ತಪ್ಪುವುದಾದರೆ, ಒಂದು ಪೂರ್ವಸಿದ್ಧತಾ ಪರೀಕ್ಷೆಯ ಅಂಕಪಟ್ಟಿಯ ಮೇಲೆ ನಾಲ್ಕು ವರ್ಷದ ಓದನ್ನು ತೀರ್ಮಾನಿಸುವುದು ಎಷ್ಟು ದುಡುಕಿನ ಕೆಲಸವೆಂಬುದು ತಾನಾಗಿ ತಿಳಿಯುತ್ತದೆ.

ಕರ್ನಾಟಕವೂ ಒಮ್ಮೆ ಲೆಕ್ಕದಿಂದಲೇ ಅಂಕ ಕೊಟ್ಟದ್ದುಂಟು. ಕೋವಿಡ್ ಕಾರಣದಿಂದ 2021ರ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾದಾಗ, ಎಸ್ಸೆಸ್ಸೆಲ್ಸಿಯ ಅಂಕಕ್ಕೆ ಶೇ. 45, ಪ್ರಥಮ ಪಿಯುಸಿಯ ಅಂಕಕ್ಕೆ ಶೇ. 45, ಆಂತರಿಕ ಮೌಲ್ಯಮಾಪನಕ್ಕೆ ಶೇ. 10 ತೂಕವಿಟ್ಟು ಫಲಿತಾಂಶ ಪ್ರಕಟಿಸಲಾಯಿತು. ಆ ವರ್ಷ ಆರುನೂರಕ್ಕೆ ಆರುನೂರು ಪಡೆದವರೇ ಎರಡು ಸಾವಿರಕ್ಕೂ ಹೆಚ್ಚು. ಇಂತಹ ಅಂಕಗಳು ನಿಜವಾದ ಪರೀಕ್ಷೆಯ ಅಂಕಗಳೊಡನೆ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲವೆಂಬ ಕಾರಣಕ್ಕೆ 2021ರ ಸಿಇಟಿಯ, ಎಂದರೆ ಸಾಮಾನ್ಯ ಪ್ರವೇಶ ಪರೀಕ್ಷೆಯ, ರ‍್ಯಾಂಕನ್ನು ಸಿಇಟಿ ಅಂಕದಿಂದಷ್ಟೇ ನಿರ್ಧರಿಸಲಾಯಿತು. ಮರುವರ್ಷ ಅದೇ ತಂಡದವರು ಮತ್ತೆ ಸಿಇಟಿ ಬರೆದಾಗ ಅವರ ಪಿಯುಸಿ ಅಂಕವನ್ನು ಕೈಬಿಟ್ಟದ್ದು ಹೈಕೋರ್ಟಿನವರೆಗೂ ಹೋಗಿ, ಅಂಕಗಳನ್ನು ಒಂದಿಷ್ಟು ತಗ್ಗಿಸಿ ಪರಿಗಣಿಸುವ ಸೂತ್ರವೊಂದಕ್ಕೆ ಬರಬೇಕಾಯಿತು.

ಕರ್ನಾಟಕದ ವ್ಯವಸ್ಥೆಯಲ್ಲಿ ಒಂದು ದೊಡ್ಡ ಅನುಕೂಲವಿದ್ದು, ಅದನ್ನು ಬಹಳಷ್ಟು ಪೋಷಕರು ಬಳಸಿಕೊಳ್ಳದೆ ಬಿಡುತ್ತಾರೆ. ಪಿಯುಸಿ ಮೊದಲ ಪರೀಕ್ಷೆ ಮಾರ್ಚ್ ತಿಂಗಳಲ್ಲಿ, ಸಿಇಟಿ ಏಪ್ರಿಲ್‌ನಲ್ಲಿ ನಡೆದು, ರ‍್ಯಾಂಕ್ ಪ್ರಕಟವಾದ ಮೇಲಷ್ಟೇ ಕಾಲೇಜುಗಳ ಆಯ್ಕೆಪಟ್ಟಿಯನ್ನು ತುಂಬಬೇಕಾಗುತ್ತದೆ. ಹೀಗಾಗಿ ಊಹೆಯ ಅಂಕ ಇಟ್ಟುಕೊಂಡು ಸರಕಾರಿ ಕೋಟಾದ ಸೀಟನ್ನು ಯಾರೂ ಆರಿಸಬೇಕಾಗಿಲ್ಲ. ಊಹೆಯ ಒತ್ತಡ ಬೀಳುವುದು ಬೇರೆ ಕಡೆ: ಡೀಮ್ಡ್ ವಿಶ್ವವಿದ್ಯಾಲಯಗಳ ಪ್ರತ್ಯೇಕ ಅರ್ಜಿಗಳಲ್ಲಿ ಮತ್ತು ಮ್ಯಾನೇಜ್‌ಮೆಂಟ್ ಸೀಟಿಗೆ ಮೊದಲೇ ಕೊಡುವ ಮುಂಗಡ ಹಣದಲ್ಲಿ. ಜನವರಿಯ ಅಂಕ ನೋಡಿ ಹೆದರಿ ಫೆಬ್ರವರಿಯಲ್ಲೇ ಮುಂಗಡ ಕೊಟ್ಟುಬಿಟ್ಟರೆ, ಮುಂದೆ ಬರಬಹುದಾದ ಉತ್ತಮ ಸೀಟಿನ ದಾರಿಯನ್ನು ಮನೆಯವರೇ ಮುಚ್ಚಿದಂತಾಗುತ್ತದೆ. ಹಾಗೆ ಕೊಡಲೇಬೇಕಾದ ಸಂದರ್ಭದಲ್ಲಿ ಹಣ ವಾಪಸಾತಿಯ ನಿಯಮವನ್ನು ಬರಹದಲ್ಲಿ ಕೇಳಿ ಪಡೆಯಬೇಕು. 2024-25ನೆಯ ಸಾಲಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗವು ಸೆಪ್ಟೆಂಬರ್ 30ರೊಳಗೆ ಪ್ರವೇಶ ರದ್ದುಪಡಿಸಿದವರಿಗೆ ಪೂರ್ಣ ಶುಲ್ಕ ಹಿಂದಿರುಗಿಸಬೇಕೆಂದು ಸೂಚಿಸಿತ್ತು, ಮತ್ತು ಇಂತಹ ಸೂಚನೆ ಆಯಾ ವರ್ಷಕ್ಕೆ ಹೇಗಿದೆಯೆಂದು ನೋಡಿಕೊಳ್ಳುವುದು ಪೋಷಕರ ಹೊಣೆ.

ಅಂಕ ಕಡಿಮೆಯೆಂದಾಗ ಮೊದಲು ಮಾಡಬೇಕಾದದ್ದು ಲೆಕ್ಕ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ 300 ಅಂಕಗಳಿಂದ ಅರ್ಧ, ಸಿಇಟಿಯ 180 ಅಂಕಗಳಿಂದ ಇನ್ನರ್ಧ ತೂಕ ಬರುತ್ತದೆ. ಪಿಯುಸಿಯಲ್ಲಿ 300ಕ್ಕೆ 180, ಸಿಇಟಿಯಲ್ಲಿ 180ಕ್ಕೆ 60 ನಿರೀಕ್ಷೆಯಿರುವ ವಿದ್ಯಾರ್ಥಿಯ ಒಟ್ಟು ತೂಕ 30 ಮತ್ತು 16.67 ಸೇರಿ 46.67 ಆಗುತ್ತದೆ. ಆ ವಿದ್ಯಾರ್ಥಿ ಪಿಯುಸಿಯಲ್ಲಿ ಹತ್ತು ಅಂಕ ಹೆಚ್ಚಿಸಿಕೊಂಡರೆ ತೂಕ 1.67ರಷ್ಟು, ಸಿಇಟಿಯಲ್ಲಿ ಹತ್ತು ಅಂಕ ಹೆಚ್ಚಿಸಿಕೊಂಡರೆ 2.78ರಷ್ಟು ಏರುತ್ತದೆ, ಎಂದರೆ ಸಿಇಟಿಯ ಮೂರು ಅಂಕ ಪಿಯುಸಿಯ ಐದು ಅಂಕಗಳಿಗೆ ಸಮ. ಪಿಯುಸಿ ಪರೀಕ್ಷೆ ಕೈಕೊಟ್ಟಿತೆಂದು ಕೊರಗುತ್ತ ಕಳೆಯುವ ಮಾರ್ಚ್ ಕೊನೆಯ ದಿನಗಳಿಗೆ ಎಷ್ಟು ಬೆಲೆಯಿದೆಯೆಂಬುದನ್ನು ಈ ಒಂದು ಅನುಪಾತ ತೋರಿಸುತ್ತದೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿಯಿಲ್ಲದ ಕಾರಣ, ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವ 180 ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಗುರುತು ಹಾಕಿದರೂ ಸರಾಸರಿ 45 ಅಂಕ ಬರುತ್ತದೆ. 60 ಅಂಕವೆಂಬುದು ಅದಕ್ಕಿಂತ ಹದಿನೈದೇ ಹೆಚ್ಚು ಎಂಬುದನ್ನು ವಿದ್ಯಾರ್ಥಿ ಪ್ರಾಮಾಣಿಕವಾಗಿ ಎದುರಿಸಬೇಕು, ಹಾಗೆಯೇ ಅಲ್ಲಿಂದ ಮೇಲೇರಲು ಜಾಗ ಬಹಳ ಇದೆಯೆಂಬುದನ್ನೂ ಮರೆಯಬಾರದು. 2023-24ನೆಯ ಸಾಲಿನಿಂದ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿದ್ದು ಉತ್ತಮ ಅಂಕ ಉಳಿದುಕೊಳ್ಳುತ್ತದೆ; ಆ ಪೈಕಿ ಯಾವ ಪರೀಕ್ಷೆಯವರೆಗಿನ ಅಂಕವನ್ನು ರ‍್ಯಾಂಕಿಗೆ ಪರಿಗಣಿಸಲಾಗುವುದು ಎಂಬುದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಎಂದರೆ ಕೆಇಎಯ, ಆ ವರ್ಷದ ಪ್ರಕಟಣೆಯಲ್ಲಿ ನೋಡಬೇಕು.

ಮೊತ್ತಕ್ಕಿಂತ ಮುಖ್ಯವಾದದ್ದು ಅಂಕ ಎಲ್ಲಿ ಇಳಿದಿದೆ ಎಂಬುದು. ಭಾಷೆಗಳಲ್ಲಿ ಇಳಿದಿದ್ದರೆ ಎಂಜಿನಿಯರಿಂಗ್ ರ‍್ಯಾಂಕಿಗೆ ಅದರಿಂದ ತೊಂದರೆಯಿಲ್ಲ. ಗಣಿತ ಮತ್ತು ಭೌತಶಾಸ್ತ್ರಗಳೆರಡರಲ್ಲೂ ಎರಡು ವರ್ಷ ಸತತವಾಗಿ ಇಳಿದಿದ್ದರೆ, ಸೀಟು ಸಿಕ್ಕಿದರೂ ಎಂಜಿನಿಯರಿಂಗ್‌ನ ಮೊದಲ ವರ್ಷದಲ್ಲಿ ಅವೇ ವಿಷಯಗಳು ಇನ್ನಷ್ಟು ಕಠಿಣವಾಗಿ ಎದುರಾಗುತ್ತವೆಯೆಂಬುದನ್ನು ಮನೆಯವರು ಆಲೋಚಿಸಬೇಕು. ಎಂಜಿನಿಯರಿಂಗ್‌ಗೆ ಬೇಕಾದ ಕನಿಷ್ಠ ಅಂಕ ಸಾಮಾನ್ಯ ವರ್ಗಕ್ಕೆ ಶೇ. 45, ಪರಿಶಿಷ್ಟರಿಗೂ ಹಿಂದುಳಿದ ವರ್ಗಗಳಿಗೂ ಶೇ. 40 ಆಗಿದೆ, ಆದರೆ ಅದು ಬಾಗಿಲೊಳಗೆ ಬರಲು ಬೇಕಾದ ಅರ್ಹತೆ, ನಾಲ್ಕು ವರ್ಷ ಓದಿ ಮುಗಿಸುವ ಸಾಮರ್ಥ್ಯದ ಅಳತೆ ಬೇರೆ. ಜೀವಶಾಸ್ತ್ರವನ್ನೂ ಓದಿದ ವಿದ್ಯಾರ್ಥಿಗೆ ಸಿಇಟಿಯಲ್ಲಿ ಕೃಷಿ ವಿಜ್ಞಾನ, ಪಶುವೈದ್ಯಕೀಯ, ಫಾರ್ಮಸಿಗಳಿಗೆ ಬೇರೆ ಬೇರೆ ರ‍್ಯಾಂಕುಗಳಿರುವುದರಿಂದ, ಒಂದರಲ್ಲಿ ಹಿಂದೆ ಬಿದ್ದವರು ಇನ್ನೊಂದರಲ್ಲಿ ಮುಂದಿರಬಹುದು. ಮಂಗಳೂರಿನ ಎಕ್ಕೂರಿನಲ್ಲಿರುವ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾದದ್ದು, ದೇಶದಲ್ಲೇ ಮೊದಲನೆಯದು; ಕಡಲ ತಡಿಯ ಊರಿನ ಮನೆಗಳಲ್ಲಿ ಸಿದ್ಧವಾಗುವ ಆಯ್ಕೆಪಟ್ಟಿಗಳಲ್ಲಿ ಅದರ ಹೆಸರು ನೆನಪಾಗದೆ ಹೋಗುವುದು ವಿಷಾದದ ಸಂಗತಿ.

ಈಗ ಆಯ್ಕೆಪಟ್ಟಿಯ ವಿಚಾರ. ಕಾಲೇಜು ಮತ್ತು ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ಕೆಇಎ ಜಾಲತಾಣದಲ್ಲಿ ನಮೂದಿಸುವುದನ್ನು ಆಪ್ಷನ್ ಎಂಟ್ರಿ ಎನ್ನುತ್ತಾರೆ. ಹಿಂದೆ ಇದಕ್ಕಾಗಿ ಅಭ್ಯರ್ಥಿಗಳು ಬೆಂಗಳೂರಿಗೆ ಹೋಗಿ, ಪರದೆಯ ಮೇಲೆ ಉಳಿದಿರುವ ಸೀಟುಗಳನ್ನು ನೋಡಿ, ಕ್ಷಣಗಳಲ್ಲಿ ತೀರ್ಮಾನ ಹೇಳಬೇಕಿತ್ತು. ಈಗ ಪಟ್ಟಿಯನ್ನು ಮನೆಯಲ್ಲೇ ಕುಳಿತು ಬರೆದು, ತಿದ್ದಿ, ಅಣಕು ಹಂಚಿಕೆ ಎಂಬ ಪ್ರಾಯೋಗಿಕ ಹಂಚಿಕೆಯ ಫಲಿತಾಂಶ ನೋಡಿ ಮತ್ತೆ ತಿದ್ದಬಹುದು. ಹಂಚಿಕೆ ನಡೆಯುವ ಕ್ರಮ ಹೀಗಿದೆ: ರ‍್ಯಾಂಕಿನ ಸರದಿಯಂತೆ ಅಭ್ಯರ್ಥಿಯ ಪಾಳಿ ಬಂದಾಗ, ಪಟ್ಟಿಯ ಮೇಲಿಂದ ಕೆಳಕ್ಕೆ ನೋಡುತ್ತ ಹೋಗಿ, ಖಾಲಿಯಿರುವ ಮೊದಲ ಸೀಟನ್ನು ಕೊಡಲಾಗುತ್ತದೆ. ಮೇಲಿನ ಇಪ್ಪತ್ತು ಆಯ್ಕೆಗಳು ದೊರೆಯದೆ ಹೋದ ಮಾತ್ರಕ್ಕೆ ಇಪ್ಪತ್ತೊಂದನೆಯದರ ಮೇಲಿನ ಹಕ್ಕು ಕಿಂಚಿತ್ತೂ ಕುಂದುವುದಿಲ್ಲ. ಹಿಂದಿನ ರ‍್ಯಾಂಕಿನವರು ಆ ಕಾಲೇಜನ್ನು ತಮ್ಮ ಪಟ್ಟಿಯ ಮೊದಲಲ್ಲೇ ಬರೆದಿದ್ದರೂ, ಮುಂದಿನ ರ‍್ಯಾಂಕಿನವರ ಪಾಳಿಯೇ ಮೊದಲು.

ಎಲ್ಲ ಊರುಗಳಲ್ಲೂ ಹೀಗಿರಲಿಲ್ಲ. ಅಮೆರಿಕದ ಬೋಸ್ಟನ್ ನಗರದ ಶಾಲಾ ಪ್ರವೇಶದಲ್ಲಿ 2005ರವರೆಗೆ ಮೊದಲ ಆಯ್ಕೆಯಾಗಿ ಬರೆದವರಿಗೇ ಮೊದಲು ಸೀಟು ಕೊಡುತ್ತಿದ್ದುದರಿಂದ, ಸಿಗದ ಶಾಲೆಯನ್ನು ಮೇಲೆ ಬರೆದವರು ಸಿಗಬಹುದಾಗಿದ್ದ ಶಾಲೆಯನ್ನೂ ಕಳೆದುಕೊಳ್ಳುತ್ತಿದ್ದರು. ಆ ನಗರ ಆ ಪದ್ಧತಿಯನ್ನು ಬಿಟ್ಟದ್ದಕ್ಕೆ ಅರ್ಥಶಾಸ್ತ್ರಜ್ಞರ ವಿಮರ್ಶೆ ಕಾರಣವಾಯಿತು. ಈ ವಿಚಾರದ ಬೇರು ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ 1962ರಲ್ಲಿ ಬರೆದ ಲೇಖನದಲ್ಲಿದ್ದು, ಇದೇ ಕ್ಷೇತ್ರದ ಕೆಲಸಕ್ಕೆ ಶಾಪ್ಲಿ ಮತ್ತು ಆಲ್ವಿನ್ ರಾತ್ ಅವರಿಗೆ 2012ರ ಅರ್ಥಶಾಸ್ತ್ರದ ನೊಬೆಲ್ ದೊರೆಯಿತು.

ಈ ವ್ಯತ್ಯಾಸದಿಂದಲೇ ಕಡಿಮೆ ಅಂಕದ ವಿದ್ಯಾರ್ಥಿ ಅನುಸರಿಸಬೇಕಾದ ನಿಯಮ ಹೊರಡುತ್ತದೆ. ಪಟ್ಟಿಯ ಮೇಲ್ಭಾಗವನ್ನು ಮನಸ್ಸು ಬರೆಯಬೇಕು, ಕೆಳಭಾಗವನ್ನು ರ‍್ಯಾಂಕ್ ಬರೆಯಬೇಕು. ಅಂಕ ಕಡಿಮೆಯೆಂದು ಇಷ್ಟದ ಕಾಲೇಜನ್ನೇ ಪಟ್ಟಿಯಿಂದ ಕೈಬಿಡುವುದು ಅನಗತ್ಯ ತ್ಯಾಗ, ಏಕೆಂದರೆ ಮೇಲಿನವರು ವೈದ್ಯಕೀಯಕ್ಕೋ ಬೇರೆ ರಾಜ್ಯಕ್ಕೋ ಹೋದಾಗ ಸೀಟುಗಳು ಕೆಳಗಿಳಿಯುತ್ತವೆ. ನಿಜವಾದ ಅಪಾಯವಿರುವುದು ಪಟ್ಟಿಯನ್ನು ಬೇಗ ನಿಲ್ಲಿಸುವುದರಲ್ಲಿ: ಹತ್ತು ಹೆಸರು ಬರೆದು ಮುಗಿಸಿದವರಿಗೆ ಆ ಹತ್ತೂ ತಪ್ಪಿದರೆ ಏನೂ ದೊರೆಯುವುದಿಲ್ಲ, ಅವರಿಗಿಂತ ಹಿಂದಿನ ರ‍್ಯಾಂಕಿನವರು ನಲವತ್ತನೆಯ ಆಯ್ಕೆಯಲ್ಲಿ ಸೀಟು ಪಡೆದಿರುತ್ತಾರೆ. ಹಾಗೆಂದು ಸೇರಲು ಮನಸ್ಸೇ ಇಲ್ಲದ ಕಾಲೇಜನ್ನು ಪಟ್ಟಿ ಬೆಳೆಸಲೆಂದು ಬರೆಯಬಾರದು, ಬರೆದದ್ದೆಲ್ಲವೂ ಸಿಗಬಹುದಾದದ್ದೇ. ಬ್ರಿಟನ್ನಿನಂತೆ ಐದೇ ಆಯ್ಕೆಗಳಿರುವಲ್ಲಿ, ಅಥವಾ ಒಂದೊಂದು ಅರ್ಜಿಗೂ ಬೇರೆ ಶುಲ್ಕವಿರುವ ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಮಾತ್ರ ಕನಸಿನದಕ್ಕೆ ಒಂದೆರಡು, ಎಟುಕುವಂಥದ್ದಕ್ಕೆ ಉಳಿದವು ಎಂಬ ಜಿಪುಣತನ ಬೇಕಾಗುತ್ತದೆ.

ಪಟ್ಟಿಯ ಕೆಳಭಾಗವನ್ನು ಬರೆಯಲು ಬೇಕಾದ ಸಾಧನ ಕಟಾಫ್ ರ‍್ಯಾಂಕ್, ಎಂದರೆ ಹಿಂದಿನ ವರ್ಷ ಆ ಕಾಲೇಜಿನ ಆ ಕೋರ್ಸಿಗೆ ಆ ವರ್ಗದಲ್ಲಿ ಸೀಟು ಪಡೆದ ಕೊನೆಯ ಅಭ್ಯರ್ಥಿಯ ರ‍್ಯಾಂಕ್. ಕೆಇಎ ಇದನ್ನು ಸುತ್ತುವಾರು ಪ್ರಕಟಿಸುತ್ತದೆ. ಇದನ್ನು ಓದುವಾಗ ಮೊದಲ ಸುತ್ತಿನದನ್ನಷ್ಟೇ ನೋಡಿ ನಿರಾಶರಾಗದೆ ಕೊನೆಯ ಸುತ್ತಿನದನ್ನೂ ನೋಡಬೇಕು, ಮತ್ತು ಒಂದೇ ವರ್ಷಕ್ಕೆ ನಿಲ್ಲದೆ ಎರಡು ಮೂರು ವರ್ಷಗಳನ್ನು ಹೋಲಿಸಬೇಕು. ಜಿಎಂ, 2ಎ, 3ಬಿ ಮುಂತಾದ ವರ್ಗಸಂಕೇತಗಳ ಜೊತೆಗೆ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಗಳಿಗೆ ಬೇರೆ ಕಟಾಫ್ ಇರುತ್ತದೆ. ಬಿಜೈ ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿರುವುದರಿಂದ ಇಲ್ಲಿಯ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ದೊರೆಯದು. ಆದರೆ ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದರ ಪ್ರಯೋಜನ ನಗರದವರಿಗೂ ಇದೆ, ಮತ್ತು ಈ ಪ್ರಮಾಣಪತ್ರವನ್ನು ಸಕಾಲದಲ್ಲಿ ತರದೆ ಸೀಟು ಕಳೆದುಕೊಳ್ಳುವುದು ಅತ್ಯಂತ ನೋವಿನ ನಷ್ಟ. ಕಾಸರಗೋಡಿನ ಕನ್ನಡ, ತುಳು ಮನೆಮಾತಿನ ಅಭ್ಯರ್ಥಿಗಳು ಗಡಿನಾಡ ಕನ್ನಡಿಗರ ನಿಯಮದಡಿ, 50 ಅಂಕಗಳ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅರ್ಹತೆ ಪಡೆಯುತ್ತಾರೆ.

ಕೋರ್ಸು ಮೊದಲೋ ಕಾಲೇಜು ಮೊದಲೋ ಎಂಬ ಪ್ರಶ್ನೆಗೆ ಎಲ್ಲರಿಗೂ ಸಲ್ಲುವ ಉತ್ತರವಿಲ್ಲ. ಇತ್ತೀಚಿನ ವರ್ಷಗಳಲ್ಲಿ ಕಂಪ್ಯೂಟರ್ ಸೈನ್ಸ್ ಸೀಟುಗಳು ಬೇಗ ಮುಗಿದು, ಸಿವಿಲ್ ಮತ್ತು ಮೆಕ್ಯಾನಿಕಲ್ ಸೀಟುಗಳು ಬಹಳ ಹಿಂದಿನ ರ‍್ಯಾಂಕಿನವರೆಗೂ ಉಳಿಯುತ್ತಿವೆ. ಬಿಜೈಯಲ್ಲಿರುವ ಕೆಎಸ್‌ಆರ್‌ಟಿಸಿ ನಿಲ್ದಾಣದಿಂದ ರಾತ್ರಿ ಬಸ್ಸು ಹತ್ತಿ ಸುಮಾರು 350 ಕಿ.ಮೀ. ದೂರದ ಬೆಂಗಳೂರಿನ ಹೊಸ ಕಾಲೇಜೊಂದಕ್ಕೆ ಕಂಪ್ಯೂಟರ್ ಸೈನ್ಸ್‌ಗೆ ಹೋಗುವುದೋ, ವಾಮಂಜೂರು, ಅಡ್ಯಾರು, ಬೆಂಜನಪದವುಗಳ ಕಾಲೇಜುಗಳಿಗೆ ಮನೆಯಿಂದಲೇ ಹೋಗಿ ಬೇರೊಂದು ಶಾಖೆ ಓದುವುದೋ ಎಂದು ತೂಗುವಾಗ, ಹಾಸ್ಟೆಲಿನ ಖರ್ಚಿನಷ್ಟೇ ಗಂಭೀರವಾಗಿ ಪರಿಗಣಿಸಬೇಕಾದದ್ದು ಆ ವಿದ್ಯಾರ್ಥಿ ಒಂಟಿಯಾಗಿ ಓದಬಲ್ಲನೋ, ಪಕ್ಕದಲ್ಲಿ ಯಾರಾದರೂ ಇರಬೇಕೋ ಎಂಬುದು. ಅಂಕ ಇಳಿಯಲು ಓದಿನ ಶಿಸ್ತು ತಪ್ಪಿದ್ದೇ ಕಾರಣವಾಗಿದ್ದರೆ ಮನೆಗೆ ಹತ್ತಿರದ ಕಾಲೇಜಿಗೆ ಪಟ್ಟಿಯಲ್ಲಿ ಮೇಲಿನ ಸ್ಥಾನ ಕೊಡುವುದು ಉಚಿತ.

ಸೀಟು ಹಂಚಿಕೆಯಾದ ಮೇಲೂ ನಾಲ್ಕು ದಾರಿಗಳಿರುತ್ತವೆ: ಒಪ್ಪಿ ಸೇರುವುದು, ಸಿಕ್ಕಿದ್ದನ್ನು ಹಿಡಿದುಕೊಂಡೇ ಮೇಲಿನ ಆಯ್ಕೆಗಾಗಿ ಮುಂದಿನ ಸುತ್ತಿಗೆ ಹೋಗುವುದು, ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರಬರುವುದು. ಹಿಂದಿನ ರ‍್ಯಾಂಕಿನ ವಿದ್ಯಾರ್ಥಿಗೆ ಎರಡನೆಯ ದಾರಿ ಸಾಮಾನ್ಯವಾಗಿ ಕ್ಷೇಮಕರ. ಮೂರನೆಯದನ್ನು ಆರಿಸಿದರೆ ಕೈಯಲ್ಲಿದ್ದ ಸೀಟು ಇನ್ನೊಬ್ಬರ ಪಾಲಾಗುತ್ತದೆ.

ಎಂಜಿನಿಯರಿಂಗ್ ಬೇಕೇಬೇಕು, ಆದರೆ ಈ ವರ್ಷದ ರ‍್ಯಾಂಕ್ ಒಲಿಯಲಿಲ್ಲ ಎಂಬವರಿಗೆ ಬಳಸುದಾರಿಯೊಂದು ಬಿಜೈಯ ಸಮೀಪದಲ್ಲೇ ಇದೆ. ಕದ್ರಿ ಗುಡ್ಡದ ಕರ್ನಾಟಕ ಪಾಲಿಟೆಕ್ನಿಕ್, ಊರಿನವರ ಬಾಯಲ್ಲಿ ಕೆಪಿಟಿ, 1946ರಲ್ಲಿ ಆರಂಭವಾದ ಸಂಸ್ಥೆ. ಪಿಯುಸಿ ವಿಜ್ಞಾನದಲ್ಲಿ ತೇರ್ಗಡೆಯಾದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಲು ಅವಕಾಶವಿದ್ದು, ಡಿಪ್ಲೊಮಾ ಮುಗಿದ ಬಳಿಕ ಕೆಇಎ ನಡೆಸುವ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಪ್ರವೇಶ ಪಡೆಯಬಹುದು. ಲೆಕ್ಕ ಹಾಕಿದರೆ ಈ ದಾರಿಯಲ್ಲಿ ನಾಲ್ಕರ ಬದಲು ಐದು ವರ್ಷ ಹಿಡಿಯುತ್ತದೆ. ಹೆಚ್ಚಾದ ಆ ಒಂದು ವರ್ಷ ಕಾರ್ಯಾಗಾರದಲ್ಲಿ ಯಂತ್ರಗಳೊಡನೆ ಕೈಕೆಲಸ ಕಲಿಯುತ್ತ ಕಳೆಯುವಂಥದ್ದು, ಮತ್ತು ಪಿಯುಸಿಯ ಅಂಕಪಟ್ಟಿ ಆ ಎರಡನೆಯ ಬಾಗಿಲಲ್ಲಿ ರ‍್ಯಾಂಕಿನ ಲೆಕ್ಕಕ್ಕೆ ಬರುವುದಿಲ್ಲ.